ಪಾರ್ವತಮ್ಮನಿಗೆ ಆರನೆಯ ಮಗುವಿತ್ತು

ಸಮಾಧಿ ಸ್ಥಳಾಂತರದ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ,

ಈಗ ಸಂಜೆ ಆರು ಗಂಟೆ ಹತ್ತು ನಿಮಿಷ. ಇವತ್ತು ಬೆಳಗ್ಗೆ ಎರಡು ರವಿಕೆಗೆ ಕೊಕ್ಕೆ ಹಾಕಿ ಕೊಟ್ಟೆ. ಹನ್ನೊಂದಕ್ಕೆ ನಿಮ್ಮ ಕಚೇರಿಗೆ ಬಂದು ಬೆಂಚಿನ ಮೇಲೆ ಕೂತೆ. ಊಟದ ಹೊತ್ತು ಮುಗಿದ ಮೇಲೆ ನಿಮ್ಮ ಸಹಿಯಿರುವ ಹಿಂಬರಹ ಪಡೆದು ಸಿದ್ಧಾರ್ಥನಗರದ ಮನೆಗೆ ವಾಪಸು ಬಂದೆ. ದಿನಚರಿಯಲ್ಲಿ ಇಷ್ಟು ಬರೆದು ಮುಚ್ಚಿಬಿಡೋಣವೆಂದಿದ್ದೆ. ಹಿಂಬರಹದ ಮೂರನೆಯ ಸಾಲು ಮುಚ್ಚಲು ಬಿಡಲಿಲ್ಲ: “ಕಚೇರಿಯ ಮೂಲ ದಾಖಲೆಗಳ ಪ್ರಕಾರ ಮೃತೆ ಪಾರ್ವತಮ್ಮ ಅವರ ಸಂತಾನದಲ್ಲಿ ಯಾರೂ ಉಳಿದಿಲ್ಲವಾದ್ದರಿಂದ, ಮೊಮ್ಮಗಳೆಂದು ಹೇಳಿಕೊಳ್ಳುವ ಅರ್ಜಿದಾರರ ಕೋರಿಕೆಯನ್ನು ತಿರಸ್ಕರಿಸಲಾಗಿದೆ.”

ಪಾರ್ವತಮ್ಮ ನನ್ನ ಅಪ್ಪನ ತಾಯಿ. ಅವರ ಸಂತಾನದಲ್ಲಿ ಯಾರೂ ಉಳಿದಿಲ್ಲವೆಂದಾದರೆ, ಮೂರು ಸಲ ಅರ್ಜಿ ಕೊಟ್ಟು ನಿಮ್ಮಿಂದ ಮೂರು ಸ್ವೀಕೃತಿ ಪಡೆದ ನಾನು ಯಾರು? ಈ ಪ್ರಶ್ನೆಯನ್ನು ನಾಲ್ಕನೆಯ ಅರ್ಜಿಯಾಗಿ ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ. ಪತ್ರಿಕೆಯವರು ಸ್ವೀಕೃತಿ ಕೊಡುವುದಿಲ್ಲ, ಓದುತ್ತಾರೆ.

ವಿಷಯ ಗೊತ್ತಿಲ್ಲದ ಓದುಗರಿಗೆ ಸ್ವಲ್ಪ ಹೇಳಬೇಕು. ನಮ್ಮೂರು ಕಲ್ಲುಬಾವಿಕೊಪ್ಪಲು. ಒಂದು ಕಾಲದಲ್ಲಿ ಅದು ಮೈಸೂರಿನಿಂದ ದೂರವಿತ್ತು, ಈಗ ಮೈಸೂರೇ ಅದರ ಬಾಗಿಲಿಗೆ ಬಂದು ನಿಂತಿದೆ. ಊರಿನ ಹಳೆಯ ಮಸಣದ ಮೇಲೆ ಹೊಸ ರಸ್ತೆ ಹೋಗುತ್ತದೆ. ಹೋಗಲಿ, ಬೇಡವೆಂದು ನಾವ್ಯಾರೂ ಅಡ್ಡ ಮಲಗಲಿಲ್ಲ. ಹಿರಿಯರ ಮೂಳೆಗಳನ್ನು ತೆಗೆದು ಎರಡು ಮೈಲಿ ಆಚೆಯ ಹೊಸ ಜಾಗದಲ್ಲಿ ಮಣ್ಣು ಮಾಡಬೇಕೆನ್ನುವವರು, ಅವರು ತಮ್ಮ ಹಿರಿಯರೇ ಎಂಬುದನ್ನು ಹಳೆಯ ದಾಖಲೆಯಿಂದ ತೋರಿಸಿ ನಿಮ್ಮಿಂದ ಚೀಟಿ ಪಡೆಯಬೇಕು. ಒಂದು ಚೀಟಿಗೆ ಒಂದು ಸಮಾಧಿ, ಹೊಸ ಜಾಗದಲ್ಲಿ ಒಂದು ಗುಂಡಿ, ಹೆಸರು ಕೆತ್ತಿದ ಒಂದು ಕಲ್ಲು. ಚೀಟಿ ಬರದ ಸಮಾಧಿಗೆ “ವಾರಸುದಾರರಿಲ್ಲದ್ದು” ಎಂದು ಹೆಸರು. ನಾಡಿದ್ದು ಅದರ ಮೇಲೆ ಜೆಸಿಬಿ ಹರಿಯುತ್ತದೆ. ಬೇರೆಯವರ ಅಜ್ಜಿಯ ಮೂಳೆ ಕದ್ದೊಯ್ಯಲು ಮೈಸೂರಿನ ಜನ ಸಾಲುಗಟ್ಟಿ ನಿಂತಿದ್ದಾರೆಂದು ನಿಮಗೆ ಯಾರು ಹೇಳಿದರೋ ತಿಳಿಯದು. ಇರಲಿ, ಎಚ್ಚರಿಕೆ ಒಳ್ಳೆಯದೇ.

ನನ್ನ ಅಪ್ಪ ಕೆಂಪಯ್ಯ ನಲವತ್ತು ವರ್ಷ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರಿದವರು. ಅವರಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಎಂಬತ್ತೆಂಟರ ವಯಸ್ಸಿನಲ್ಲಿ ನಿಮ್ಮ ಪ್ರಕಟಣೆಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, “ನಾನೇ ಹೋಗಿ ಕೇಳ್ತೀನಿ ಕಣಮ್ಮ, ನಮ್ಮವ್ವನ್ನ ನಾನಲ್ದೆ ಇನ್ಯಾರು ಕೇಳ್ತಾರೆ” ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ದಸರಾ ರಜೆ ಮುಗಿದ ವಾರ ಅದು, ನಾನೂ ಜೊತೆಗೆ ಹೋದೆ. ನಿಮ್ಮ ಕಚೇರಿಯಲ್ಲಿ ಕಡತ ನೋಡುವ ಸುಷ್ಮಿತಾ ಎಂಬ ಹುಡುಗಿ ಅಪ್ಪನಿಗೆ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ನಿಮ್ಮ ಕಚೇರಿಯ ಬಗ್ಗೆ ನಾನು ಬರೆಯಬಹುದಾದ ಒಳ್ಳೆಯ ಮಾತು ಇದೊಂದೇ, ಅದಕ್ಕೇ ಬರೆದಿದ್ದೇನೆ. ಅವಳು ಹಳೆಯ ಪಟೇಲರ ಜನನ ಮರಣ ಪುಸ್ತಕ ತಂದು ಬಹಳ ಹೊತ್ತು ಪುಟ ತಿರುಗಿಸಿದಳು.

“ತಾತ, ನಿಮ್ಮ ತಾಯಿ ಹೆಸರು ಪಾರ್ವತಮ್ಮ ಅಂದ್ರಲ್ವಾ?”

“ಹೂಂ ತಾಯಿ.”

“ಇಲ್ಲಿ ಹಂಗಿಲ್ಲ. ಗಂಡು ಮಗು ಕೆಂಪಯ್ಯ, ತಾಯಿ ಬೋರಮ್ಮ ಅಂತಿದೆ. ಪಾರ್ವತಮ್ಮಂಗೆ ಐದು ಮಕ್ಕಳು. ಐದೂ ತೀರ್ಕೊಂಡಿವೆ.”

ಅಪ್ಪ ಪುಸ್ತಕದ ಕಡೆ ಬಗ್ಗಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಹಂಗಾದ್ರೆ ನಿಜವಾಗ್ಲೂ ಬರೆಸ್ಬುಟ್ಟವ್ನೆ ನಮ್ಮಪ್ಪ. ಬೋರವ್ವ ಹೇಳ್ತಿದ್ಲು, ನಾನು ತಮಾಸೆ ಅನ್ಕೊಂಡಿದ್ದೆ.”

ಮಾನ್ಯರೇ, ನಿಮ್ಮದು ಯಾವ ಊರೋ ಗೊತ್ತಿಲ್ಲ. ನಮ್ಮ ಕಡೆ ಒಂದು ಪದ್ಧತಿಯಿತ್ತು. ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದ ಮನೆಯಲ್ಲಿ ಇನ್ನೊಂದು ಹುಟ್ಟಿದರೆ, ಅದನ್ನು ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು, ಮಕ್ಕಳು ಬದುಕಿರುವ ಇನ್ನೊಬ್ಬ ತಾಯಿಗೆ ತೌಡಿಗೆ ಮಾರಿಬಿಡುವುದು. ಸಾವು ಈ ಮನೆಯ ಮಗುವನ್ನು ಹುಡುಕಿಕೊಂಡು ಬಂದರೆ ಇಲ್ಲಿ ಮಗುವೇ ಇರುವುದಿಲ್ಲ. ಇರುವುದು ಪಕ್ಕದ ಮನೆಯ ಮಗು, ಈ ಮನೆಯವರು ಸುಮ್ಮನೆ ಹಾಲು ಕುಡಿಸುತ್ತಿದ್ದಾರೆ, ಅಷ್ಟೆ. ನನ್ನ ಅಪ್ಪನನ್ನು ಪಕ್ಕದ ಮನೆಯ ಬೋರಮ್ಮ ಮೂರು ಸೇರು ತೌಡು ಕೊಟ್ಟು ಕೊಂಡುಕೊಂಡರು. ಇದು ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆ ಹೇಳಿ ನಗುವ ಕಥೆ. ಅಪ್ಪ ಕೋಪ ಮಾಡಿಕೊಂಡಾಗಲೆಲ್ಲ ನಮ್ಮಮ್ಮ, “ತೌಡಿನ ಬೆಲೆಗೆ ಸಿಕ್ಕಿದ್ದು, ಇಷ್ಟು ಜಂಬ ಏತಕ್ಕೆ” ಎನ್ನುತ್ತಿದ್ದರು.

ನಮಗೆ ತಿಳಿಯದೆ ಇದ್ದದ್ದು ತಾತ ಆಮೇಲೆ ಮಾಡಿದ ಕೆಲಸ. ತಾತನಿಗೆ ಓದು ಬರುತ್ತಿರಲಿಲ್ಲ. ಐದು ಸಲ ಪಟೇಲರ ಮನೆಗೆ ಹೋಗಿ ಹುಟ್ಟು ಬರೆಸಿದ್ದರು, ಐದು ಸಲ ಅದೇ ಜಗುಲಿಗೆ ಹೋಗಿ ಸಾವು ಬರೆಸಿದ್ದರು. ಅವರಿಗೆ ಆ ಪುಸ್ತಕದ ಮೇಲೆಯೇ ಅನುಮಾನ ಬಂತು. ಸಾವು ಮನೆ ಹುಡುಕುವುದು ಈ ಪುಸ್ತಕ ನೋಡಿಕೊಂಡೇ ಇರಬೇಕು. ಆರನೆಯ ಸಲ ಪಟೇಲರ ಕಾಲು ಹಿಡಿದು, ಮಗು ಬೋರಮ್ಮನದು ಎಂದು ಬರೆಸಿಬಿಟ್ಟರು. ಪಟೇಲರೂ ಮಕ್ಕಳೊಂದಿಗರು, ಬರೆದರು. ಒಂದು ಮಗು ಉಳಿಯಲಿ ಎಂದು ಇಬ್ಬರು ದೊಡ್ಡ ಮನುಷ್ಯರು ಸೇರಿ ಸರ್ಕಾರಿ ಪುಸ್ತಕದಲ್ಲಿ ಹೇಳಿದ ಸುಳ್ಳು ಅದು. ಸಾವು ಅದನ್ನು ಎಂಬತ್ತೆಂಟು ವರ್ಷ ನಂಬಿತು. ಕೊನೆಗೆ, ಹೋದ ಸಂಕ್ರಾಂತಿಯ ಮರುದಿನ, ಅದಕ್ಕೂ ನಿಜ ಗೊತ್ತಾಯಿತು. ನಿಮ್ಮ ಕಚೇರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಆವತ್ತು ನಾನು ಆ ಐದು ಮಕ್ಕಳ ಸಾಲುಗಳನ್ನು ದಿನಚರಿಗೆ ನಕಲು ಮಾಡಿಕೊಂಡೆ. ಗಂಡು, ಹೆಸರಿಟ್ಟಿಲ್ಲ, ಒಂಬತ್ತು ದಿನ. ಹೆಣ್ಣು, ಹೆಸರಿಟ್ಟಿಲ್ಲ, ನಾಲ್ಕು ದಿನ. ಗಂಡು, ನಂಜ, ಏಳು ತಿಂಗಳು, ಜ್ವರ. ಹೆಣ್ಣು, ಹೆಸರಿಟ್ಟಿಲ್ಲ, ಹುಟ್ಟಿದ ದಿನವೇ. ಹೆಣ್ಣು, ದೇವೀರಿ, ಎರಡು ವರ್ಷ, ಸಿಡುಬು. ಇವರು ನನ್ನ ದೊಡ್ಡಪ್ಪಂದಿರು, ಸೋದರತ್ತೆಯರು. ಇವರನ್ನು ನನಗೆ ತೋರಿಸಿಕೊಟ್ಟದ್ದಕ್ಕೆ ನಿಮ್ಮ ದಾಖಲೆಗೆ ನಾನು ಋಣಿ, ವ್ಯಂಗ್ಯವಾಗಿ ಹೇಳುತ್ತಿಲ್ಲ. ಅಪ್ಪ ಆ ಪುಟದ ಮೇಲೆ ಬೆರಳಿಟ್ಟು, “ದೇವೀರಿ ಅಂತಿದ್ಲಂತೆ, ನಮ್ಮವ್ವ ಆಗಾಗ ಆ ಹೆಸ್ರು ಕೂಗ್ಬುಡೋಳು” ಎಂದಷ್ಟೇ ಹೇಳಿದರು. ಆಮೇಲೆ ನಗಲಿಲ್ಲ.

ಇಷ್ಟನ್ನೂ ಅಪ್ಪ ನಿಮ್ಮ ಗಾಜಿನ ಕೋಣೆಯೊಳಗೆ ನಿಂತುಕೊಂಡೇ ನಿಮಗೆ ವಿವರಿಸಿದರು. ನೀವು ಗಮನವಿಟ್ಟು ಕೇಳಿದಿರಿ. ಕೇಳಿ, “ಸರಿ, ಮಾರಿದ್ರು. ವಾಪಸ್ ತಗೊಂಡಿದ್ದಕ್ಕೆ ದಾಖಲೆ ಇದ್ಯಾ?” ಎಂದಿರಿ.

ತೌಡಿಗೆ ರಸೀದಿ ಬರೆಯುವ ಪದ್ಧತಿ ನಮ್ಮೂರಲ್ಲಿ ಇರಲಿಲ್ಲ, ಮಾನ್ಯರೇ. ಅಪ್ಪನ ಮದುವೆಯ ಹಿಂದಿನ ದಿನ ಬೋರಮ್ಮನಿಗೆ ಒಂದು ಸೀರೆ, ಎರಡು ಸೇರು ಅಕ್ಕಿ ಕೊಟ್ಟು ತಾತ ಮಗನನ್ನು ವಾಪಸು ಪಡೆದರಂತೆ. ಆ ಸೀರೆಯನ್ನಾದರೂ ತರೋಣವೆಂದರೆ, ಬೋರಮ್ಮ ಅದನ್ನು ಉಟ್ಟು ಹರಿದುಬಿಟ್ಟಿದ್ದಾರೆ.

ಶಾಲೆಯ ದಾಖಲಾತಿ ಪುಸ್ತಕದ ನಕಲು ತಂದುಕೊಟ್ಟೆ. ಅದರಲ್ಲಿ ಅಪ್ಪನ ತಂದೆಯ ಹೆಸರು ಸರಿಯಾಗಿ ನನ್ನ ತಾತನದೇ ಇದೆ. ಆ ಕಾಲದಲ್ಲಿ ತಾಯಿಯ ಹೆಸರಿಗೆ ಅಂಕಣವೇ ಇರಲಿಲ್ಲ. ನೀವು ಅದನ್ನೂ ಪಟೇಲರ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿ, ಎರಡನ್ನೂ ಒಪ್ಪಿಕೊಂಡಿರಿ. ಅಂದರೆ ನಿಮ್ಮ ಲೆಕ್ಕದಲ್ಲಿ ನನ್ನ ಅಪ್ಪನಿಗೆ ತಂದೆ ಒಂದು ಮನೆಯವನು, ತಾಯಿ ಪಕ್ಕದ ಮನೆಯವಳು. ಇಬ್ಬರು ಗೌರವಸ್ಥ ಸಂಸಾರಿಗಳ ಮೇಲೆ ಇಂಥ ಮಾತನ್ನು ನಮ್ಮೂರಿನ ಬಾಯಿಬಡುಕರು ಕೂಡ ಆಡಿರಲಿಲ್ಲ. ನೀವು ಮೊಹರು ಒತ್ತಿ ಆಡಿದ್ದೀರಿ.

ನಾನು ಎಸ್ಸೆಸ್ಸೆಲ್ಸಿ ಓದಿ ರವಿಕೆ ಹೊಲಿಯುವವಳು. ಕಾನೂನು ತಿಳಿಯದು. ಆದರೆ ಯಾರಾದರೂ ರವಿಕೆ ತಂದು ತೋಳು ಬಿಗಿಯಾಗಿದೆ ಎಂದರೆ, ನನ್ನ ಪುಸ್ತಕದಲ್ಲಿರುವ ಅಳತೆ ಸರಿ, ನಿಮ್ಮ ತೋಳೇ ತಪ್ಪು ಎಂದು ನಾನು ವಾದಿಸುವುದಿಲ್ಲ. ಹಾಗೆ ವಾದಿಸಿದರೆ ಮರುದಿನ ನನ್ನ ಬಾಗಿಲಿಗೆ ಯಾರೂ ಬರುವುದಿಲ್ಲ. ನಿಮಗೆ ಆ ಭಯವಿಲ್ಲ. ನಿಮ್ಮ ಬಾಗಿಲಿಗೆ ನಾವು ಬಂದೇ ಬರಬೇಕು.

ಕಾಯುತ್ತಿರುವಾಗಲೇ ಅಪ್ಪ ಹೋದರು. ಹಳೆಯ ಮಸಣಕ್ಕೆ ನೀವು ತಂತಿಬೇಲಿ ಹಾಕಿಸಿದ್ದಿರಿ, ಹೊಸ ಜಾಗದಲ್ಲಿ ಮಣ್ಣು ಮಾಡಿದೆವು. ಅಷ್ಟು ದೊಡ್ಡ ಬಯಲಿನಲ್ಲಿ ಮೊದಲನೆಯವರು ಅವರು. ಸಂಜೆಗೆ ಅಲ್ಲಿ ಒಬ್ಬರನ್ನೇ ಬಿಟ್ಟು ಬಂದೆವು. ತೀರಿಕೊಳ್ಳುವ ಒಂದು ತಿಂಗಳು ಮುಂಚೆ ಅವರು ಹೇಳಿದ್ದರು, “ಅವ್ವನ್ನ ನನ್ನ ಎಡಗಡೆಗೆ ತಂದು ಹಾಕ್ಬುಡು. ಚಿಕ್ಕಂದ್ನಲ್ಲಿ ಹಂಗೇ ಮಲಗ್ತಿದ್ದೆ.” ಎಡಗಡೆ ಜಾಗ ಬಿಡಿಸಿದ್ದೇನೆ. ನನಗೆ ಬೇಕಾಗಿರುವುದು ಅದನ್ನು ತುಂಬುವುದೊಂದೇ. ಹೊಲ ಬೇಡ, ಪರಿಹಾರ ಬೇಡ.

ಅಪ್ಪ ಯಾರ ಮಗನೆಂದು ಹೇಳಿಸಲು ಬೋರಮ್ಮನ ಮೊಮ್ಮಗ ಯೋಗೇಂದ್ರನನ್ನೂ ಕರೆತಂದೆ. ವಿಜಯನಗರದಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವವನು. ಅಂಗಡಿ ಮುಚ್ಚಿ ಬಂದು, ಕೆಂಪಯ್ಯ ತನ್ನ ಅಜ್ಜಿ ಹೆತ್ತ ಮಗನಲ್ಲವೆಂದು ಪ್ರಮಾಣ ಪತ್ರ ಬರೆದುಕೊಟ್ಟ. ನೀವು ಅದನ್ನು ಓದಿ, ಅವನನ್ನು ಆಚೆಗೆ ಕಳಿಸಿ, ನನ್ನ ಹತ್ತಿರ ದನಿ ತಗ್ಗಿಸಿ ಹೇಳಿದಿರಿ: “ಹುಷಾರಾಗಿರಿ ಅಮ್ಮಾ. ಆಸ್ತಿಯಲ್ಲಿ ನಿಮ್ಮ ಪಾಲು ತಪ್ಪಿಸೋಕೆ ಹಿಂಗೆ ಬರ್ಕೊಡ್ತಾರೆ.” ನನ್ನ ಮೇಲೆ ನಿಮಗೆ ಎಷ್ಟು ಕಾಳಜಿ. ಆಚೆ ಬಂದು ಯೋಗೇಂದ್ರನಿಗೆ ಹೇಳಿದೆ. ಅವನು, “ಅಕ್ಕ, ಅಜ್ಜಿ ಆಸ್ತಿ ಅಂದ್ರೆ ಒಂದು ಒರಳುಕಲ್ಲು ಐತೆ. ಅರ್ಧ ಕೊಯ್ಸಿ ಕೊಟ್ಬುಡ್ಲಾ?” ಎಂದ. ಅಪ್ಪ ಹೋದ ಮೇಲೆ ನಾನು ನಕ್ಕದ್ದು ಆವತ್ತೇ.

ಇವತ್ತಿನ ಹಿಂಬರಹದ ಜೊತೆಗೆ ಒಂದು ಚೀಟಿಯನ್ನೂ ಪಿನ್ನು ಹಾಕಿ ಕೊಟ್ಟಿದ್ದೀರಿ. ನಾನು ಕೇಳದೆಯೇ ಕೊಟ್ಟದ್ದು. ದಾಖಲೆಯ ಪ್ರಕಾರ ನಾನು ಬೋರಮ್ಮನ ಮೊಮ್ಮಗಳಾದ್ದರಿಂದ ಅವರ ಸಮಾಧಿ ತೆಗೆಯಲು ನನಗೆ ಅನುಮತಿ. ಬೋರಮ್ಮನದೇ ಸಮಾಧಿಗೆ ಯೋಗೇಂದ್ರನಿಗೂ ಹೋದ ವಾರವೇ ಚೀಟಿ ಸಿಕ್ಕಿದೆ. ಅಂದರೆ ಒಬ್ಬ ಅಜ್ಜಿಗೆ ಎರಡು ಚೀಟಿ, ಎರಡು ಗುಂಡಿ, ಎರಡು ಕಲ್ಲು. ಅವರಿಂದ ಇಪ್ಪತ್ತೊಂದು ಅಡಿ ಆಚೆ ಮಲಗಿರುವ ಇನ್ನೊಬ್ಬ ಅಜ್ಜಿಗೆ ಜೆಸಿಬಿ. ಈ ಇಪ್ಪತ್ತೊಂದು ಅಡಿ ಅಂದಾಜಲ್ಲ. ಅಪ್ಪ ಜಾಗ ತೋರಿಸಿದ ದಿನ ನನ್ನ ಟೇಪು ಹಿಡಿದು ಅಳೆದದ್ದು.

ಮಧ್ಯಾಹ್ನ ಯೋಗೇಂದ್ರನಿಗೆ ಫೋನಿನಲ್ಲಿ ಚೀಟಿ ಓದಿ ಹೇಳಿದೆ.

“ಸರಿಯೋಯ್ತಲ್ಲ ಅಕ್ಕ” ಎಂದ. “ನನ್ ಚೀಟೀಲಿ ನಮ್ಮಜ್ಜೀನ ತೆಗೀತೀನಿ. ನಿನ್ ಚೀಟೀಲಿ ನಿಮ್ಮಜ್ಜೀನ ತೆಗಿ. ಯಾವ ಗುಂಡಿ ಅಗೀತಿದೀವಿ ಅಂತ ಬೇಲಿ ಕಾಯೋನಿಗೆ ಏನ್ ಗೊತ್ತು?”

“ಸುಳ್ಳಾಗುತ್ತಲ್ಲೋ.”

“ಬರೆದಿರೋದು ಅವ್ರು ಕಣಕ್ಕ, ನೀನೇನ್ ಬರೆದ್ಯಾ?”

ಬಹಳ ಹೊತ್ತು ಯೋಚಿಸಿದೆ. ತಾತ ಒಂದು ಮಗುವನ್ನು ಉಳಿಸಿಕೊಳ್ಳಲು ಸುಳ್ಳು ಬರೆಸಿದರು. ನಾನು ಅದೇ ಸುಳ್ಳನ್ನು ಹಿಡಿದು ಆ ಮಗುವಿನ ತಾಯಿಯನ್ನು ಅದರ ಪಕ್ಕಕ್ಕೆ ತರುತ್ತೇನೆ. ಆದರೆ ಕದ್ದು ಮಾಡುವುದಿಲ್ಲ. ಬೋರಮ್ಮನ ಹೆಸರಿನ ಚೀಟಿಯಲ್ಲಿ ಪಾರ್ವತಮ್ಮನ ಮೂಳೆಗಳನ್ನು ತೆಗೆಯುತ್ತೇನೆಂದು ಊರಿಗೆಲ್ಲ ಕಾಣುವಂತೆ ಇಲ್ಲಿ ಬರೆದಿದ್ದೇನೆ. ತಪ್ಪೆನಿಸಿದರೆ ಪ್ರಕರಣ ದಾಖಲಿಸಿ. ಆಗ ನಾನು ತೆಗೆದದ್ದು ಯಾರ ಮೂಳೆ ಎಂದು ನೀವೇ ಬರೆಯಬೇಕಾಗುತ್ತದೆ, ಪಾರ್ವತಮ್ಮನಿಗೂ ನನಗೂ ಏನಾದರೂ ಸಂಬಂಧವಿತ್ತೆಂದು ಮೊದಲ ಸಲ ನಿಮ್ಮ ಕಡತಕ್ಕೆ ಬಂದಂತಾಗುತ್ತದೆ.

ನನ್ನ ಬೇಡಿಕೆ ಸಣ್ಣದು. ಪಟೇಲರ ಪುಸ್ತಕವನ್ನು ತಿದ್ದಬೇಡಿ. ಆ ಸಾಲು ಹಾಗೆಯೇ ಇರಲಿ, ಅದನ್ನು ಬರೆಸಿದವರಿಗೆ ಕಾರಣವಿತ್ತು. ನಿಮ್ಮ ಹಿಂಬರಹದ ಮೂರನೆಯ ಸಾಲನ್ನು ಹೊಡೆದುಹಾಕಿ, ಪಾರ್ವತಮ್ಮನಿಗೆ ಆರು ಮಕ್ಕಳು, ಆರನೆಯವರು ಎಂಬತ್ತೆಂಟು ವರ್ಷ ಬದುಕಿದ್ದರು ಎಂದು ಬರೆದು ಸಹಿ ಮಾಡಿ. ಹೊಸ ಜಾಗದಲ್ಲಿ ಬೋರಮ್ಮನ ಹೆಸರಿನಲ್ಲಿ ಏಳಲಿರುವ ಎರಡು ಕಲ್ಲುಗಳಲ್ಲಿ, ನನ್ನ ಅಪ್ಪನ ಎಡಗಡೆಯದರ ಮೇಲೆ ಪಾರ್ವತಮ್ಮ ಎಂದು ಕೆತ್ತಿಸಿ. ಕೆತ್ತುವವನಿಗೆ ಎರಡೂ ಒಂದೇ ಕೆಲಸ.

ಈ ಪತ್ರ ಅಚ್ಚಾಗುವ ಹೊತ್ತಿಗೆ ಮಣ್ಣಿನ ಕೆಲಸ ಮುಗಿದಿರುತ್ತದೆ, ಉಳಿಯುವುದು ನಿಮ್ಮ ಕಾಗದದ ಕೆಲಸ. ನಾಳೆ ಬೆಳಗ್ಗೆ ಏಳು ಗಂಟೆಗೆ ನಾವು ಅಗೆಯಲು ಶುರುಮಾಡುತ್ತೇವೆ. ನಿಮ್ಮ ಕಚೇರಿ ತೆರೆಯುವುದು ಹತ್ತಕ್ಕೆ.

ಇಂತಿ,
ದಾಖಲೆಯ ಪ್ರಕಾರ ಪಾರ್ವತಮ್ಮನಿಗೆ ಏನೂ ಆಗಬೇಕಿಲ್ಲದ
ವಸಂತಮ್ಮ
ಸಿದ್ಧಾರ್ಥನಗರ, ಮೈಸೂರು