ಮಗ್ಗದ ಸದ್ದು ಕೇಳಿದವಳು

ಬನಹಟ್ಟಿ ಶಾಖೆ, ಮಂಗಳವಾರ

ಮಾನ್ಯ ಅಧ್ಯಕ್ಷ ಹೊಳಬಸಪ್ಪನವರಿಗೆ ರಾಜಕುಮಾರನ ನಮಸ್ಕಾರಗಳು.

ನಮ್ಮ ಸಂಘದ ಎಲ್ಲ ಕಂಪ್ಯೂಟರುಗಳಿಗೆ ಸರ್ವರಿನಿಂದ ತಾನಾಗಿಯೇ ಹೊಸ ವಿಂಡೋಸ್ ಹೋಗಿ ಕೂರುವಂತೆ ಮಾಡಿದ, ನಮ್ಮ ಕಂಪ್ಯೂಟರ್ ವಿಭಾಗದ ಹುಡುಗಿ ಪ್ರೀತಿಗೆ ನೀವು ಸಭೆಯಲ್ಲಿ ಶಾಲು ಹೊದಿಸಿದಿರಿ. ಹದಿನಾರು ವರ್ಷ ಬೀಳಗಿ, ಮುಧೋಳ ಎಂದು ಬಸ್ಸಿನಲ್ಲಿ ಅಲೆದು, ಒಂದೊಂದೇ ಯಂತ್ರದ ಮುಂದೆ ಕೂತು ಅದೇ ಕೆಲಸ ಮಾಡಿದವನು ನಾನು. ಆಗ ನೀವು, "ಒಂದ ಮಷೀನಿಗೆ ಇಷ್ಟೊತ್ತೇನಲೇ?" ಎಂದದ್ದು ನನಗೆ ನೆನಪಿದೆ.

ಬನಹಟ್ಟಿಯಲ್ಲಿ ಮಾತ್ರ ಅವಳ ವಿಂಡೋಸ್ ಅರ್ಧಕ್ಕೇ ನಿಲ್ಲುತ್ತಿತ್ತು. ಕಾರಣ ನನಗೂ ಹೊಳೆಯಲಿಲ್ಲ, ದುಃಖವೂ ಆಗಲಿಲ್ಲ. ನಿನ್ನೆ ಅವಳೇ ಬಂದು ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಳು. ಆಮೇಲೆ, "ಕಾಕಾ, ಬಾಜೂಕ ಕರೆಂಟಿನ ಮಗ್ಗ ಚಾಲೂ ಆದಾಗೆಲ್ಲಾ ಈ ನೆಟ್‌ವರ್ಕ್ ಡಬ್ಬಿ ದೀಪ ಆರತೈತಿ ನೋಡ್ರಿ!" ಎಂದಳು. ಡಬ್ಬಿಯನ್ನು ಯುಪಿಎಸ್‌ಗೆ ಜೋಡಿಸಿದಳು. ಎಲ್ಲ ಸರಿಹೋಯಿತು. ಗಲಗಲಿಯ ಹೊಳೆದಂಡೆಯ ಹುಡುಗಿಗೆ ಮಗ್ಗದ ಸದ್ದು ಹೊಸದು. ನೇಕಾರರ ಮನೆಯಲ್ಲಿ ಹುಟ್ಟಿದ ನನ್ನ ಕಿವಿಗೆ ಅದು ಬೀಳುವುದೇ ಇಲ್ಲ.

ಆದರೂ ಅವಳು ಫೋನಿನಲ್ಲಿ ನಿಮಗೆ, "ಇದನ್ನ ಕಾಕಾನೇ ಕಂಡುಹಿಡದ್ರು ಸರ್" ಎಂದಳು. ಅದು ಸುಳ್ಳು. ವರದಿಯಲ್ಲಿ ನನ್ನ ಹೆಸರು ಬರೆಸಿದ್ದರೆ ದಯವಿಟ್ಟು ತೆಗೆಸಿ. ಅವಳ ದಾನ ನನಗೆ ಬೇಡ.

ಇನ್ನೊಂದು ವಿನಂತಿ. ಅವಳು ಶನಿವಾರದವರೆಗೆ ಇಲ್ಲೇ ಇರುತ್ತಾಳೆ. ಸರ್ವರಿನ ಈ ಕೆಲಸವನ್ನು ನಾನು ಅವಳಿಂದ ಕಲಿಯಬೇಕೆಂದು ಒಂದು ಲಿಖಿತ ಆದೇಶ ಕಳಿಸಿ. ನಾನಾಗಿ ಅವಳನ್ನು ಕೇಳಲಾರೆ.

ಆದೇಶದ ದಾರಿ ಕಾಯುವ,
ರಾಜಕುಮಾರ