ಎಡಗಾಲಿನ ಕೆಂಪು ಶೂ

ಲೇ ಗೂಬೆ,

ಇದನ್ನ ನಿನಗೆ ಕಳಿಸಲ್ಲ. ಆದ್ರೆ ಹೇಳದಿದ್ರೆ ಹೊಟ್ಟೆ ಒಡೆದುಹೋಗುತ್ತೆ.

ಇವತ್ತು ಹಳೇ ಗೊಂಬೆಗಳ ಗ್ರೂಪಲ್ಲಿ ಯಾರೋ ಹೊಸಬರು ಫೋಟೋ ಹಾಕಿದ್ರು. ಹಬ್ಬದ ಸ್ಪೆಷಲ್ ಗೊಂಬೆ, ಕೆಂಪು ವೆಲ್ವೆಟ್ ಗೌನು, ಕುತ್ತಿಗೆಗೆ ಬಿಳಿ ತುಪ್ಪಳ. ಕೆಳಗೆ, "ಎಡಗಾಲಿನ ಶೂ ಇಲ್ಲ. ಯಾರ ಹತ್ರನಾದ್ರೂ ಇದ್ಯಾ?"

ಗೊಂಬೆಯ ಮುಂಗೂದಲು ನೋಡಿದ ತಕ್ಷಣ ಫೋಟೋ ಹಾಕಿದ್ದು ನೀನೇ ಅಂತ ಗೊತ್ತಾಯ್ತು. ಅಮ್ಮನ ಅಡುಗೆಮನೆ ಕತ್ತರೀಲಿ ನಾವಿಬ್ಬರೂ ಸೊಟ್ಟಗೆ ಕತ್ತರಿಸಿದ್ದು ಅದೇ ತಾನೇ! ಗೊಂಬೇನ ಡಬ್ಬಿಯಿಂದ ತೆಗೆಯೋದೇ ಮಹಾಪಾಪ ಅನ್ನೋ ನಮ್ಮ ಡಬ್ಬಿ ಅಂಕಲ್ ಬರೆದ್ರು, "ಈ ಹೇರ್‌ಸ್ಟೈಲ್ ಕಂಪನಿಯವರು ಕೆಲವಕ್ಕೆ ಮಾತ್ರ ಮಾಡಿದ್ರು. ಭಾರಿ ಅಪರೂಪ!" ಎಲ್ಲರೂ ಕೈಮುಗಿಯೋ ಇಮೋಜಿ ಸುರಿದ್ರು. ನಕ್ಕು ನಕ್ಕು ನಾನು ಕುಡೀತಿದ್ದ ನೀರು ಮೂಗಲ್ಲಿ ಬಂತು.

ಅಮ್ಮ ಇಣುಕಿದಳು. "ಅಯ್ಯೋ, ನಿಮ್ಮಿಬ್ಬರ ಗೊಂಬೆ ಅಲ್ವೇನೇ? ಅವಳ್ಯಾಕೆ ಈಗ ಬರೋದೇ ಇಲ್ಲ?"

"ಬಿಜಿ ಅಮ್ಮ ಅವಳು."

ಗ್ರೂಪಲ್ಲಿ ನಾನಿಟ್ಕೊಂಡಿರೋ ಹೆಸರು ನಿನಗೆ ಗೊತ್ತಿಲ್ವಲ್ಲ, ಯಾರೋ ಥರ ಕೇಳಿದೆ, "ಗೊಂಬೆ ಮಾರೋಕಾ?"

"ಛೆ, ಇಲ್ಲಪ್ಪ! ಒಂದು ಕಾಲು ಬರಿಗಾಲು, ಪಾಪ. ಶೂ ನಿಮ್ಮ ಹತ್ರ ಇದ್ಯಾ ಮೇಡಂ? ಕೊರಿಯರ್ ಮಾಡ್ತೀರಾ?"

ಮೇಡಂ ಅಂತೆ! ನನಗೆ! ಕತ್ತೆ, ಕೋತಿ ಬಿಟ್ಟು ಬೇರೇನೂ ಕರೆಯದ ಬಾಯಲ್ಲಿ!

ಶೂ ನನ್ನ ಜಾಮಿಟ್ರಿ ಬಾಕ್ಸಲ್ಲಿದೆ. ಆ ಜಗಳದ ದಿನ ನಾವು ಗೊಂಬೇನ ಎಳೆದಾಡಿದಾಗ ನನ್ನ ಕೈಲಿ ಉಳಿದಿದ್ದು ಅದೊಂದೇ. ಕಡಲೆಕಾಳಿನಷ್ಟಿದೆ, ಕೊರಿಯರಲ್ಲಿ ಕಳೆದೇಹೋಗುತ್ತೆ. "ಕೈಗೇ ಕೊಡ್ತೀನಿ, ಮನೆಗೆ ಬಾ" ಅಂತ ಟೈಪ್ ಮಾಡಿ ಕೂತಿದ್ದೀನಿ.

ಸೆಂಡ್ ಒತ್ತೋಕೆ ಮೇಡಂಗೆ ಧೈರ್ಯ ಸಾಲ್ತಿಲ್ಲ ಕಣೇ.