ಕಂಬಕ್ಕೆ ಹೇಳಿದ ಮಾತು

ಹಿರಿಯೂರು
2219ನೇ ಇಸವಿ, ಎರಡನೇ ವೈಶಾಖದ ಮೂವತ್ನಾಲ್ಕನೇ ದಿನ

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಸರ್ವಮಂಗಳೆಯ ಶರಣು.

ತಾರೀಕು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಬೇಸಿಗೆ ಹಿಗ್ಗಿ ಹಿಗ್ಗಿ ಒಂದು ವೈಶಾಖದಲ್ಲಿ ಹಿಡಿಸದಾದಾಗ ಪಂಚಾಂಗದವರು ಇನ್ನೊಂದನ್ನು ಸೇರಿಸಿ, ಅದರ ದಿನಗಳನ್ನೂ ಹಿಗ್ಗಿಸಿದರು. ನನ್ನ ಕನ್ನಡ ಅಲ್ಲಲ್ಲಿ ಅಡ್ಡಾದಿಡ್ಡಿ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ; ಹೊಸ ಮಾತು ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ. ಆದರೆ ಈ ಕಾಗದ ಬರೆಯುತ್ತಿರುವುದು ನಿಮ್ಮಿಂದಲೇ ನಮಗೆ ಬಂದ ಒಂದು ಹಳೆಯ ಮಾತಿನ ಸಲುವಾಗಿ. ಹೋದ ವರ್ಷ ಅದು ನನ್ನ ದೊಡ್ಡಮ್ಮನ ಜೀವ ತೆಗೆಯುವುದರಲ್ಲಿತ್ತು.

ನಾವು ಊರಿಂದೂರಿಗೆ ಹೋಗುವುದು ಕೊಳವೆಯಲ್ಲಿ. ಅದು ನೆಲದಡಿಯ ದಾರಿ, ಕಿಟಕಿಯಿಲ್ಲ. ಹಿರಿಯೂರಿನಲ್ಲಿ ಹತ್ತಿ ಎರಡು ಸಲ ಆಕಳಿಸಿದರೆ ಬಳ್ಳಾರಿ. ನೀವು ಹಾಕಿದ ರಸ್ತೆ ಮೇಲೆ ಹಾಗೇ ಉಳಿದಿದೆ. ಸಣ್ಣ ಸಣ್ಣ ಊರುಗಳನ್ನು ಮುಟ್ಟಿ ಮುಟ್ಟಿ ಹೋಗುವ ಅದಕ್ಕೆ ನಾವು ಸುತ್ತುದಾರಿ ಎನ್ನುತ್ತೇವೆ. ಬಳ್ಳಾರಿಯಲ್ಲಿರುವ ಮೊಮ್ಮಗಳನ್ನು ನೋಡಲು ಆ ದಾರಿಯಲ್ಲೇ ಹೋಗಬೇಕೆಂದು ಎಪ್ಪತ್ತೆಂಟು ವರ್ಷದ ನನ್ನ ದೊಡ್ಡಮ್ಮ ತಿಪ್ಪಮ್ಮ ಹಟ ಹಿಡಿದಳು. ಕೊಳವೆಯಲ್ಲಿ ಹೋದರೆ ತಲುಪಿದಂತಾಗುತ್ತದೆ, ಹೋದಂತಾಗುವುದಿಲ್ಲ ಎಂಬುದು ಅವಳ ವಾದ. ನಾನು ನೀರಿನ ಕಚೇರಿಯ ಗುಮಾಸ್ತೆ, ಸುತ್ತಿ ಬಳಸಿ ಹೋಗುವುದು ನನ್ನ ಜಾಯಮಾನವಲ್ಲ. ಗೊಣಗುತ್ತಲೇ ಒಂದು ಬಿಸಿಲಗಾಡಿ ತಂದೆ. ಬಿಸಿಲು ತಿಂದು ಓಡುವ ಗಾಡಿ ಅದು. ಈ ಸೀಮೆಯಲ್ಲಿ ಅದಕ್ಕೆ ಊಟದ ಕೊರತೆಯಿಲ್ಲ.

ಬೆಳಿಗ್ಗೆ ಐದಕ್ಕೇ ಹೊರಟರೂ ದೊಡ್ಡಮ್ಮ ಪ್ರತಿ ಊರಿನಲ್ಲೂ ಇಳಿದಳು. ಒಂದು ಊರಿನಲ್ಲಿ ನಿಮ್ಮ ಕಾಲದ ಕೆಂಪು ಬಸ್ಸೊಂದನ್ನು ಕ್ಷೌರದಂಗಡಿ ಮಾಡಿಕೊಂಡಿದ್ದರು. ಇನ್ನೊಂದರಲ್ಲಿ ಹೆಂಗಸರು ಬಿಸಿಲು ತಡೆಯುವ ಕಂಬಳಿ ನೇಯುತ್ತಿದ್ದರು. ಅವರ ಜೊತೆ ಕೂತು ಯಾರ ಮನೆಯವಳು, ಎಷ್ಟು ಮಕ್ಕಳು ಎಂದು ವಿಚಾರಿಸದೆ ಇವಳು ಮೇಲೇಳಲಿಲ್ಲ. ಜಾಲಿಕಟ್ಟೆ ಎಂಬ ಊರಿನಲ್ಲಿ ಮಾರಕ್ಕ ಎಂಬಾಕೆಯ ಅಂಗಡಿಯಲ್ಲಿ ಚಹಾ ಕುಡಿಯುವಷ್ಟರಲ್ಲಿ ಹನ್ನೊಂದಾಯಿತು. ಹನ್ನೊಂದರಿಂದ ನಾಲ್ಕರವರೆಗೆ ನಮ್ಮಲ್ಲಿ ಉರಿಹೊತ್ತು. ಆಗ ಬಯಲಿನಲ್ಲಿ ತಂಪಂಗಿ, ಅಂದರೆ ಒಳಗೆ ತಣ್ಣೀರು ಓಡುವ ಅಂಗಿ, ಇಲ್ಲದಿದ್ದರೆ ಬದುಕುವುದು ಕಷ್ಟ. ಮುಂದಿನ ಊರು ಎತ್ತಿನಗುಡ್ಡ, ಅರ್ಧ ಗಂಟೆಯ ದಾರಿ ಎಂದು ನಾನೇ ಅವಸರ ಮಾಡಿದೆ. ಆ ತಪ್ಪು ನನ್ನದು.

ಊರ ಕೊನೆಯಲ್ಲಿ ಹೇಳುಗಂಬವಿತ್ತು. ಸುತ್ತುದಾರಿಯ ಊರುಗಳಲ್ಲಿ ಪ್ರಯಾಣಿಕರನ್ನು ಕಾಯುವುದು ಈ ಮಾತನಾಡುವ ಕಂಬಗಳೇ. ಹೋಗುವವರೋ, ಬರುವವರೋ ಎಂದು ಅದು ಕೇಳುತ್ತದೆ. ಹೋಗುತ್ತೇವೆ ಎಂದರೆ ಮುಂದಿನ ಊರಿಗೆ ಸುದ್ದಿ ಮುಟ್ಟುತ್ತದೆ. ಒಂದು ಗಂಟೆಯೊಳಗೆ ಗಾಡಿ ತಲುಪದಿದ್ದರೆ ಆ ಊರಿನವರು ಹುಡುಕಿಕೊಂಡು ಬರುತ್ತಾರೆ. ಬರುತ್ತೇವೆ ಎಂದರೆ ಈ ಊರಿಗೇ ಬರುವವರೆಂದು ಇಲ್ಲಿನ ಹಲಗೆಯಲ್ಲಿ ಹೆಸರು ಮೂಡುತ್ತದೆ. ನಾನು ನೀರಿನ ಕ್ಯಾನು ಕಟ್ಟುತ್ತಿದ್ದೆ, ದೊಡ್ಡಮ್ಮ ಉತ್ತರ ಕೊಟ್ಟಳು. ಕಂಬ ಉಗುಳಿದ ಚೀಟಿಯನ್ನು ಓದದೆ ಜೇಬಿಗಿಟ್ಟೆ.

ಹನ್ನೊಂದೂ ಕಾಲಿಗೆ ಗಾಡಿಯ ಮುಂದಿನ ಗಾಲಿ ಹೊಂಡಕ್ಕೆ ಬಿದ್ದು ಅಚ್ಚು ಮುರಿಯಿತು. ಗಾಡಿಯೊಳಗಿನ ತಂಪೂ ನಿಂತಿತು. ಇಬ್ಬರೂ ತಂಪಂಗಿ ತೊಟ್ಟೆವು. ಅದರ ಬ್ಯಾಟರಿ ಎರಡು ಗಂಟೆ ಕಾಲ ಬಾಳುತ್ತದೆ. ಹನ್ನೆರಡೂವರೆಗೆ ಎತ್ತಿನಗುಡ್ಡದವರು ಬಂದೇ ಬರುತ್ತಾರೆ ಎಂಬ ಧೈರ್ಯವಿತ್ತು. ಹನ್ನೆರಡೂವರೆಯಾಯಿತು. ಹನ್ನೆರಡೂ ಮುಕ್ಕಾಲಾಯಿತು. ಬೆವರು ಒರೆಸಲು ಜೇಬಿಗೆ ಕೈ ಹಾಕಿದಾಗ ಚೀಟಿ ಸಿಕ್ಕಿತು. ಅದರಲ್ಲಿ ಹೀಗಿತ್ತು: ಇಬ್ಬರು, ಬರುವವರು.

ಕಂಬಕ್ಕೆ ಏನು ಹೇಳಿದೆ ಎಂದು ಕೇಳಿದೆ. ಬರ್ತೀವಪ್ಪ ಎಂದು ಹೇಳಿದೆ ಎಂದಳು. ಅಂದರೆ ನಾವು ಹೊರಟಿರುವುದೇ ಮುಂದಿನ ಊರಿನವರಿಗೆ ಗೊತ್ತಿಲ್ಲ! ಆ ಬಿಸಿಲಿನಲ್ಲಿ, ಆ ವಯಸ್ಸಿನವಳ ಮೇಲೆ ನಾನು ಹಾರಾಡಿದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡು ಅಂದಳು: “ಹೋಗ್ತೀವಿ ಅಂತ ಹೆಂಗೆ ಹೇಳ್ಲಿ? ಅದು ಸಾಯೋಕೆ ಹೊಂಟೋರು ಹೇಳೋ ಮಾತು.”

ಒಂದು ಗಂಟೆಯ ಹೊತ್ತಿಗೆ ಅವಳ ತುಟಿ ಬಿಳಚಿತು, ಮಾತು ತೊದಲಿತು. ನನ್ನ ಅಂಗಿಯ ಬ್ಯಾಟರಿ ಕಿತ್ತು ಅವಳದಕ್ಕೆ ಸಿಕ್ಕಿಸಿದೆ. ಎತ್ತಿನಗುಡ್ಡಕ್ಕೆ ಇನ್ನು ಆರು ಮೈಲಿ. ನಡೆದರೆ ನಾನು ಮುಟ್ಟುವುದಿಲ್ಲ, ಕೂತರೆ ಇಬ್ಬರೂ ಉಳಿಯುವುದಿಲ್ಲ. ಹೋಗ್ತೀನಿ ದೊಡ್ಡಮ್ಮ ಎಂದೆ. ಅವಳು ನನ್ನ ಮುಂಗೈ ಹಿಡಿದುಕೊಂಡಳು. ಅಷ್ಟು ಬಲ ಎಲ್ಲಿಂದ ಬಂತೋ, ಉಗುರು ನೆಟ್ಟ ಗುರುತು ಬಹಳ ದಿನ ಇತ್ತು.

“ಬರ್ತೀನಿ ಅನ್ನು,” ಎಂದಳು.

ಆ ಮಾತಿನಲ್ಲಿ ನನಗೆ ನಂಬಿಕೆಯಿರಲಿಲ್ಲ. ಅವಳು ಕೈ ಬಿಡಲಿಲ್ಲ. ಕೊನೆಗೆ ಹೇಳಿದೆ, ದಾರಿಯಲ್ಲಿ ಕೊಂಡಿದ್ದ ಬಿಸಿಲು ತಡೆಯುವ ಕಂಬಳಿ ಹೊದ್ದು ಇಳಿದೆ. ನೂರು ಹೆಜ್ಜೆ ಹೋಗಿರಲಿಕ್ಕಿಲ್ಲ, ಹಿಂದಿನಿಂದ ಹಾರನ್ ಕೇಳಿಸಿತು. ನಾವು ಬಿಟ್ಟು ಬಂದಿದ್ದ ಜಾಲಿಕಟ್ಟೆಯ ಕಡೆಯಿಂದ ಒಂದು ಗಾಡಿ ಧೂಳೆಬ್ಬಿಸುತ್ತಾ ಬರುತ್ತಿತ್ತು. ಮಾರಕ್ಕ ಇಳಿದವಳೇ ದೊಡ್ಡಮ್ಮನ ತಲೆಯ ಮೇಲೆ ನೀರು ಸುರಿದು, ಆಮೇಲೆ ನನ್ನ ಕಡೆ ತಿರುಗಿ ಬೈಯುವ ದನಿಯಲ್ಲೇ ಹೇಳಿದಳು: “ಬರ್ತೀವಿ ಅಂದಿದ್ರಿ, ಬರ್ಲಿಲ್ಲ. ಅದಕ್ಕೆ ನಾವೇ ಬಂದ್ವಿ.”

ಹಲಗೆಯ ಮೇಲೆ ನಮ್ಮ ಹೆಸರು ನೋಡಿ, ಊಟಕ್ಕೆ ವಾಪಸ್ ಬರುತ್ತಾರೆಂದು ಅವಳು ಇಬ್ಬರಿಗೂ ಸೇರಿಸಿ ಮುದ್ದೆ ಮಾಡಿದ್ದಳಂತೆ. ಮುದ್ದೆ ಆರುತ್ತಾ ಬಂದಾಗ ತಡೆಯಲಾಗಲಿಲ್ಲವಂತೆ. ಎತ್ತಿನಗುಡ್ಡದ ವಿಷಯವನ್ನೂ ಸಂಜೆ ಜಾಲಿಕಟ್ಟೆಯಲ್ಲಿ ಅವಳೇ ಹೇಳಿದಳು; ಚಹಾ ಕುಡಿಯುವಾಗ ಮುಂದಿನ ಊರಿನ ಬಗ್ಗೆ ನಾನು ವಿಚಾರಿಸಿರಲೇ ಇಲ್ಲ. ಆ ಊರು ಖಾಲಿಯಾಗಿ ಎಂಟು ತಿಂಗಳಾಗಿತ್ತು. ಕಂಬ ಮಾತ್ರ ಉಳಿದು, ಯಾರೂ ಇಲ್ಲದ ಬೀದಿಗೆ ಬರುವವರ ಸುದ್ದಿ ಹೇಳುತ್ತಾ ನಿಂತಿದೆ. ನಾನು ಬೈದು ಹೇಳಿಕೊಟ್ಟಿದ್ದ ಸರಿಯಾದ ಉತ್ತರವನ್ನು ದೊಡ್ಡಮ್ಮ ಕೊಟ್ಟಿದ್ದರೆ ಅದು ಆ ಬೀದಿಗೆ ಹೋಗಿ ಮುಟ್ಟುತ್ತಿತ್ತು. ಅವಳ ಕಾಲು ಹಿಡಿದು ತಪ್ಪಾಯಿತು ಎಂದೆ. ಮುದ್ದೆ ನುಂಗುತ್ತಾ, ಸಾರಿಗೆ ಉಪ್ಪು ಕಡಿಮೆ ಎಂದಳು.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ರಸ್ತೆಗಳಿಗೆ ಇನ್ನೂ ಮರದ ನೆರಳಿದೆ. ಆಗೊಮ್ಮೆ ಈಗೊಮ್ಮೆ ಹೆದ್ದಾರಿ ಬಿಟ್ಟು ಸಣ್ಣ ಊರುಗಳೊಳಗೆ ಹಾದುಹೋಗಿ, ಇಳಿದು ಒಂದು ಲೋಟ ಚಹಾ ಕುಡಿಯಿರಿ. ಎದ್ದು ಹೊರಡುವಾಗ, ಇನ್ನೆಂದೂ ಆ ಕಡೆ ಬರುವುದಿಲ್ಲವೆಂದು ಗೊತ್ತಿದ್ದರೂ, ಆ ಮಾತು ಹೇಳಿ. ಪಕ್ಕದಲ್ಲಿರುವ ಮಕ್ಕಳಿಗೆ ಕೇಳಿಸುವ ಹಾಗೆ ಹೇಳಿ. ನೀವು ಬಿಟ್ಟರೆ ಅದು ನನ್ನ ದೊಡ್ಡಮ್ಮನವರೆಗೆ ಬರುವುದಿಲ್ಲ. ಅವಳು ಕಂಬಕ್ಕೆ ಹೋಗುತ್ತೇವೆ ಎಂದೇ ಹೇಳುತ್ತಾಳೆ, ಮುರಿದ ಗಾಡಿಯ ಹತ್ತಿರ ಯಾರೂ ಬರುವುದಿಲ್ಲ.

ದೊಡ್ಡಮ್ಮ ಹೊರಗೆ ಕೂತು ಕೂಗುತ್ತಿದ್ದಾಳೆ. ನಾಳೆ ಮತ್ತೆ ಸುತ್ತುದಾರಿಯಂತೆ. ನಿಮ್ಮ ಲೆಕ್ಕದಲ್ಲಿ ನಾನಿನ್ನೂ ಹುಟ್ಟಿಯೇ ಇಲ್ಲ, ಇನ್ನು ಮುಂದೆ ಬರಬೇಕಾದವಳು; ಹಾಗಾಗಿ ಈ ಸಲ ನನ್ನ ಬಾಯಲ್ಲಿ ಆ ಮಾತು ಸುಳ್ಳಾಗುವುದಿಲ್ಲ.

ಬರ್ತೀನಿ.